ಷರಾ: ಒಂದು ಸಲ ನೋಡಬಹುದು

ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳುವುದಕ್ಕೆ ಸಿನಿಮಾ ಗೊತ್ತಿರಬೇಕು ಎಂಬ ತಪ್ಪು ತಿಳಿವಳಿಕೆ ಸಾರ್ವಜನಿಕರಲ್ಲಿ ಬೇರೂರಿದೆ. ಗೊತ್ತಿರಬೇಕಾದದ್ದು ಷರಾ ಬರೆಯುವ ಕ್ರಮ. ನಾನು ತಾಲ್ಲೂಕು ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕಡತದ ಮೊದಲ ಹಾಳೆ, ಕೊನೆಯ ಹಾಳೆ ಎರಡನ್ನೇ ನೋಡಿ ಇದು ಆಗುವ ಕೆಲಸವೋ ಆಗದ್ದೋ ಹೇಳಬಲ್ಲವನಿಗೆ ಎರಡೂವರೆ ಗಂಟೆಯ ಚಿತ್ರ ಯಾವ ಲೆಕ್ಕ? ಥಿಯೇಟರಿನ ಬಾಗಿಲಲ್ಲಿ ಮೈಕು ಹಿಡಿದ ಹುಡುಗರು ‘ಹೇಗಿತ್ತು ಸಾರ್?’ ಎಂದರೆ ಉಳಿದವರು ‘ಬೆಂಕಿ’, ‘ಚಿಂದಿ’, ‘ಹತ್ತಕ್ಕೆ ಹನ್ನೊಂದು’ ಎಂದು ಕೂಗಿ ಓಡುತ್ತಾರೆ. ಹತ್ತಕ್ಕೆ ಹನ್ನೊಂದು ಕೊಡುವವರು ಜೀವಮಾನದಲ್ಲಿ ಲೆಕ್ಕಪರಿಶೋಧನೆ ಎದುರಿಸಿದವರಲ್ಲ. ನಾನು ನಿಧಾನವಾಗಿ, ದಿನಾಂಕ ಸಹಿತ ಆರಂಭಿಸುತ್ತೇನೆ. ವಿಷಯಕ್ಕೆ ಬರುವಷ್ಟರಲ್ಲಿ ಮೈಕು ಪಕ್ಕದವರ ಬಾಯಿಗೆ ಹೋಗಿರುತ್ತದೆ. ಆದ ಕಾರಣ ಈ ಬರಹ.

ಮೊದಲನೆಯದಾಗಿ, ಯಾವುದೇ ಚಿತ್ರದ ಅತಿ ಮುಖ್ಯ ದೃಶ್ಯ ಆರಂಭದಲ್ಲೇ ಬಂದು ಹೋಗುತ್ತದೆ. ಜನ ಆಗಿನ್ನೂ ಮೊಬೈಲು ಬೆಳಕಿನಲ್ಲಿ ಸೀಟು ಹುಡುಕುತ್ತ, ಕೂತವರ ಕಾಲು ತುಳಿಯುತ್ತ ಇರುತ್ತಾರೆ. ನಾನು ಹೇಳುತ್ತಿರುವುದು ಸೆನ್ಸಾರ್ ಪ್ರಮಾಣಪತ್ರದ ವಿಚಾರ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಮೇರೆಗೆ ಕೊಟ್ಟದ್ದು. ಸಂಖ್ಯೆ ಇದೆ, ದಿನಾಂಕ ಇದೆ, ಉದ್ದ ಇದೆ, ಸಹಿ ಇದೆ. ಒಂದು ಕೃತಿಯಿಂದ ಇದಕ್ಕಿಂತ ಹೆಚ್ಚು ಸತ್ಯ ಬಯಸುವುದು ಅತ್ಯಾಸೆ. ಹಿಂದೆ ಈ ಪತ್ರಕ್ಕೆ ಹತ್ತು ವರ್ಷದ ಆಯುಸ್ಸು ಇತ್ತು, 2023ರ ತಿದ್ದುಪಡಿಯಲ್ಲಿ ಚಿರಂಜೀವಿಯಾಯಿತು. ಈಗ ಚಿತ್ರ ಶುಕ್ರವಾರ ಬಂದು ಸೋಮವಾರ ಎತ್ತಂಗಡಿಯಾದರೂ ಪ್ರಮಾಣಪತ್ರ ಆಚಂದ್ರಾರ್ಕ ಊರ್ಜಿತ. ಯು/ಎ ಎಂಬ ಒಂದೇ ಹಿಡುವಳಿಯನ್ನು ಏಳು, ಹದಿಮೂರು, ಹದಿನಾರು ವಯಸ್ಸುಗಳಿಗೆ ಪೋಡಿ ಮಾಡಿದ್ದೂ ಅದೇ ತಿದ್ದುಪಡಿ. ಅಷ್ಟು ಬಿಗಿಯಾದ ಚಿತ್ರಕಥೆ ಆ ವರ್ಷ ಬೇರೆಲ್ಲೂ ನನ್ನ ಗಮನಕ್ಕೆ ಬರಲಿಲ್ಲ. ನಮ್ಮನೆಯವಳು ಮಾತ್ರ ಆ ಹೊತ್ತಿಗೆ ಸರಿಯಾಗಿ ಸೆರಗಿನ ಮರೆಯಿಂದ ಕೋಡುಬಳೆಯ ಪೊಟ್ಟಣ ತೆಗೆದು ಕರಕರ ಎನ್ನಿಸುತ್ತಾಳೆ.

ನಿರಾಸೆ ತಂದ ಚಿತ್ರಗಳಲ್ಲಿ ಅಗ್ರಸ್ಥಾನ ‘ಬಂಗಾರದ ಮನುಷ್ಯ’ನಿಗೆ. ಸಿಟ್ಟಾಗಬೇಡಿ, ಕಡತ ಪೂರ್ತಿ ಕೇಳಿ. 1972ರ ಚಿತ್ರ, ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ರಾಜ್‌ಕುಮಾರ್. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದವರಿದ್ದಾರೆ ಎನ್ನುತ್ತಾರೆ. ಇದ್ದಿರಬಹುದು. ಹಾಗೆ ಹೋದವರು ಆಮೇಲೆ ಎಲ್ಲಿಗೆ ಬಂದರು? ನಮ್ಮ ಕಚೇರಿಗೆ, ಖಾತೆ ಬದಲಾವಣೆಗೆ. ಆ ಭಾಗವನ್ನು ಯಾರೂ ಚಿತ್ರ ಮಾಡಲಿಲ್ಲ.

ರಾಜೀವ ಕಲ್ಲುಭೂಮಿಯನ್ನು ಹೊನ್ನು ಮಾಡುತ್ತಾನೆ, ಸಂತೋಷ. ಸರ್ವೆ ನಂಬರು ಹೇಳಿಲ್ಲ. ಆಕಾರಬಂದು ತೋರಿಸಿಲ್ಲ. ಖರಾಬು ಎಷ್ಟು, ಸಾಗುವಳಿಗೆ ಯೋಗ್ಯ ಎಷ್ಟು, ಮಾಹಿತಿ ಇಲ್ಲ. ಕೊನೆಗೆ ಮನೆಯವರ ಮಾತಿಗೆ ನೊಂದು, ತುತ್ತು ಬಿಟ್ಟೆದ್ದು, ಉಟ್ಟ ಬಟ್ಟೆಯಲ್ಲಿ ಹೊರಟುಬಿಡುತ್ತಾನೆ. ಇಡೀ ಚಿತ್ರಮಂದಿರ ಗೊಳೋ ಎನ್ನುತ್ತಿದ್ದಾಗ ನನ್ನ ಮುಂದಿದ್ದದ್ದು ಒಂದೇ ಪ್ರಶ್ನೆ: ಪಹಣಿ ಯಾರ ಹೆಸರಿನಲ್ಲಿ ಉಳಿಯಿತು? ಹಕ್ಕು ಬಿಡುಗಡೆ ಪತ್ರ ಬರೆದುಕೊಡದೆ ಹೋದವನನ್ನು ತ್ಯಾಗಿ ಎನ್ನಲು ಬರುವುದಿಲ್ಲ, ಗೈರುಹಾಜರಿ ಖಾತೆದಾರ ಎನ್ನಬೇಕು. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಮೃತನೆಂದು ಘೋಷಿಸಿಕೊಂಡು ಬಂದು ಪೌತಿ ಖಾತೆಗೆ ಅರ್ಜಿ ಹಾಕಬೇಕು. ಎಂಥ ಎರಡನೇ ಭಾಗ ಕೈತಪ್ಪಿತು ನೋಡಿ.

ಇನ್ನೊಂದು ಅಂಶವನ್ನು ನಮ್ಮ ವಿಮರ್ಶಕರು ಇಂದಿಗೂ ಗಮನಿಸಿಲ್ಲ. ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮಿತಿ ಮೀರಿ ಜಮೀನಿದ್ದವರು ಘೋಷಣೆ ಸಲ್ಲಿಸಬೇಕಾಯಿತು. ರಾಜೀವ ಊರು ಬಿಟ್ಟದ್ದು 1972ರಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಭೂಮಾಲೀಕರನ್ನು ಹತ್ತಿರದಿಂದ ಕಂಡವರಲ್ಲ.

ಆಗ ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮನೆಯವಳು ಆ ರಾತ್ರಿ ಊಟ ಮಾಡಲಿಲ್ಲ. ಈ ತಿದ್ದುಪಡಿಯ ವಿಷಯವನ್ನು ಎರಡು ವರ್ಷ ತಡವಾಗಿಯಾದರೂ ಸಮಾಧಾನವಾಗಲೆಂದು ಅವಳಿಗೆ ವಿವರಿಸಿದೆ. ‘ರೀ, ನಿಮಗೆ ಅಳು ಬಂತೋ ಇಲ್ಲವೋ, ಅಷ್ಟು ಹೇಳಿ’ ಎಂದಳು. ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಉತ್ತರಿಸಿಲ್ಲ.

‘ಮುಂಗಾರು ಮಳೆ’ಯ ಮೇಲಿನ ನನ್ನ ಆಕ್ಷೇಪಣೆ ಋತುಮಾನದ್ದು. ಮುಂಗಾರು ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಚಿತ್ರ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ, ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ವರ್ಷದಾಚೆಗೂ ಓಡಿತು. ಮಳೆಗಾಲ ಒಂದೇ ಸಾಲದಾಯಿತು. ಮಡಿಕೇರಿಯ ಕಡೆ ಹಾಗೆ ಸುರಿಯುತ್ತಿದೆ, ಒಬ್ಬ ಗ್ರಾಮಲೆಕ್ಕಿಗನಾದರೂ ಕೊಡೆ ಹಿಡಿದು ಬಂದು ಬಿದ್ದ ಗೋಡೆಗಳ ಪಟ್ಟಿ ಮಾಡಲಿಲ್ಲ. ಗಣೇಶ್ ನೆನೆಯುತ್ತ ನಿಂತು ಮಾತಾಡಿದ್ದೇ ಮಾತಾಡಿದ್ದು, ಅದರಲ್ಲಿ ಪರಿಹಾರದ ಮಾತು ಒಂದೂ ಇಲ್ಲ. ದೇವದಾಸನೆಂಬ ಮೊಲ ಸತ್ತಾಗ ಪಕ್ಕದ ಸೀಟಿನ ತರುಣ ಬಿಕ್ಕಳಿಸತೊಡಗಿದ. ಪ್ರಕೃತಿ ವಿಕೋಪದಲ್ಲಿ ಎಮ್ಮೆ, ಎತ್ತು, ಕುರಿ, ಕೋಳಿಗೆ ಪರಿಹಾರ ಉಂಟು, ಮೊಲಕ್ಕೆ ಇಲ್ಲ ಎಂದು ಅವನಿಗೆ ಮೆಲ್ಲಗೆ ತಿಳಿಸಿದೆ. ಅವನು ಎದ್ದು ಹೋಗಿ ಬೇರೆ ಸಾಲಿನಲ್ಲಿ ಕೂತ.

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮದೊಂದು ಪೂರ್ಣಪೀಠವಿದೆ. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು ಒಬ್ಬರು, ಪಶು ಆಸ್ಪತ್ರೆಯ ಕಾಂಪೌಂಡರ್ ಒಬ್ಬರು, ಸರ್ಕಾರಿ ಬಸ್ಸಿನ ಡ್ರೈವರ್ ಒಬ್ಬರು. ಎಲ್ಲರೂ ನಿವೃತ್ತರು, ಆದ್ದರಿಂದ ನಿಷ್ಪಕ್ಷಪಾತಿಗಳು. ಕಾಂಪೌಂಡರರು ‘777 ಚಾರ್ಲಿ’ ನೋಡಿ ಬಂದು, ನಾಯಿ ಚೆನ್ನಾಗಿ ನಟಿಸಿದೆ ಎಂದು ಒಪ್ಪಿದರೂ ಲಸಿಕೆಯ ಕಾರ್ಡು ತೋರಿಸದಿದ್ದಕ್ಕೆ ಎರಡು ಅಂಕ ಕಡಿದರು. ಡ್ರೈವರು ಶಂಕರ್‌ನಾಗರ 1985ರ ‘ಆಕ್ಸಿಡೆಂಟ್’ ಚಿತ್ರವನ್ನು ಇಂದಿಗೂ ಹೊಗಳುತ್ತಾರೆ. ಅಮಲಿನಲ್ಲಿ ಕಾರು ಹತ್ತಿಸಿದ್ದು ರಾಜಕಾರಣಿಯ ಮಗ, ಖಾಸಗಿ ವಾಹನ, ನಿಗಮಕ್ಕೆ ಸಂಬಂಧವೇ ಇಲ್ಲ, ಅಷ್ಟು ಸ್ವಚ್ಛವಾದ ಚಿತ್ರ ಮತ್ತೆ ಬಂದಿಲ್ಲ ಎನ್ನುತ್ತಾರೆ. ಇವರ ಅಭಿಪ್ರಾಯಗಳೆಲ್ಲ ತಂತಮ್ಮ ಇಲಾಖೆಯ ಚೌಕಟ್ಟು ದಾಟುವುದಿಲ್ಲ. ಅದು ಅವರ ಮಿತಿ. ಸಮಗ್ರ ದೃಷ್ಟಿ ಎಂಬುದು ಕಂದಾಯ ಇಲಾಖೆಯವರಿಗೆ ಮಾತ್ರ ಸಾಧ್ಯ.

‘ಕೆಜಿಎಫ್’ ಮೊದಲ ಅಧ್ಯಾಯ 2018ರಲ್ಲಿ ಬಂದಾಗ ಪೀಠ ಸರ್ವಾನುಮತದಿಂದ ನಿರಾಸೆಗೊಂಡಿತು, ಕಾರಣಗಳು ಮಾತ್ರ ಬೇರೆ ಬೇರೆ. ಲೈನ್‌ಮನ್‌ರ ತಕರಾರು ಕತ್ತಲೆಯ ಮೇಲೆ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ; ಮೈಸೂರು, ಬೆಂಗಳೂರು ಸೀಮೆಎಣ್ಣೆ ದೀಪದಲ್ಲಿ ಕೂತಿದ್ದಾಗ ಅಲ್ಲಿ ವಿದ್ಯುತ್ತು ಇತ್ತು. ಇವರ ಚಿತ್ರದಲ್ಲಿ ಎಪ್ಪತ್ತು ವರ್ಷದ ಮೇಲೂ ಮುಖ ಕಾಣದಷ್ಟು ಕತ್ತಲೆ ಎಂದರೆ ಇಲಾಖೆಗೆ ಅವಮಾನ ಎಂಬುದು ಅವರ ವಾದ. ನನ್ನ ಆಕ್ಷೇಪ ಗುತ್ತಿಗೆ ಷರತ್ತಿನದು. ಸುಣ್ಣಕಲ್ಲಿನ ಹೆಸರಲ್ಲಿ ಗುತ್ತಿಗೆ ಪಡೆದು ಒಳಗೆ ಚಿನ್ನ ತೆಗೆಯುತ್ತಾರೆ. ಸ್ಪಷ್ಟ ಉಲ್ಲಂಘನೆ. ತಹಶೀಲ್ದಾರರಿಂದ ಒಂದು ಕಾರಣ ಕೇಳುವ ನೋಟಿಸು ಹೋಗಿದ್ದರೆ ರಾಕಿ ಅಷ್ಟು ಜನರನ್ನು ಹೊಡೆಯುವ ಪ್ರಮೇಯವೇ ಇರಲಿಲ್ಲ. ಸುತ್ತಿಗೆ, ಬಂದೂಕು ಎಲ್ಲ ಬಂದವು, ಒಂದು ರಬ್ಬರ್ ಸ್ಟಾಂಪು ಬರಲಿಲ್ಲ.

‘ತಾತಾ, ಅದು ಮಾಸ್ ಸಿನಿಮಾ, ಎಲಿವೇಷನ್ ನೋಡಬೇಕು’ ಎಂದ ಮೊಮ್ಮಗ. ಎಲಿವೇಷನ್ ಎಂದರೆ ಸಮುದ್ರಮಟ್ಟದಿಂದ ಎತ್ತರ ಎಂದು ತಿಳಿದು ಅದನ್ನೂ ಕೇಳಿದೆ. ಚಿತ್ರದಲ್ಲಿ ಅದೂ ಹೇಳಿಲ್ಲವಂತೆ.

‘ಕಾಂತಾರ’ದ ಸಂಗತಿ ಬೇರೆ. 2022ರ ಈ ಚಿತ್ರವನ್ನು ನಾನು ನಿರಾಸೆಯ ಪಟ್ಟಿಗೂ ಸೇರಿಸಲಾರೆ, ಮೆಚ್ಚುಗೆಯ ಪಟ್ಟಿಗೂ ಸೇರಿಸಲಾರೆ, ಅದು ವ್ಯಾಜ್ಯದಲ್ಲಿದೆ. 1847ರಲ್ಲಿ ರಾಜ ದೈವಕ್ಕೆ ಜಮೀನು ಬಿಟ್ಟುಕೊಡುತ್ತಾನೆ. ಎಷ್ಟು? ಕೂಗು ಕೇಳಿಸುವಷ್ಟು ದೂರ. ಜೀವಮಾನವಿಡೀ ಮೂವತ್ತಮೂರು ಅಡಿಯ ಸರಪಳಿ, ಹದಿನಾರು ಆಣೆಯ ಲೆಕ್ಕದಲ್ಲಿ ಚಕ್ಕುಬಂದಿ ನೋಡಿದವನಿಗೆ ಮೈ ಜುಮ್ಮೆಂದಿತು. ಗಾಳಿ ಯಾವ ದಿಕ್ಕಿಗಿತ್ತು? ಕೇಳಿಸಿಕೊಂಡವರ ಕಿವಿ ಎಷ್ಟು ಚುರುಕು? ಉತ್ತರಕ್ಕೆ ಗುಡ್ಡವಿದ್ದರೆ ಒಂದಳತೆ, ಬಯಲಿದ್ದರೆ ಇನ್ನೊಂದಳತೆ. ಆದರೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ದಾನಪತ್ರ ನೋಂದಣಿಯಾಗಿಲ್ಲ ಎಂದು ಧಣಿಯ ಕಡೆಯವರು ಎಷ್ಟು ಹಾರಾಡಿದರೂ ಈಗಿನ ನೋಂದಣಿ ಕಾಯ್ದೆ ಬಂದದ್ದು 1908ರಲ್ಲಿ. ಈ ಅಂಶದಲ್ಲಿ ದೈವದ ಪಕ್ಷ ಬಲವಾಗಿದೆ. ಅರಣ್ಯಾಧಿಕಾರಿ ಮುರಳಿ ಕಂದಾಯ ಇಲಾಖೆಯೊಂದಿಗೆ ಜಂಟಿ ಸರ್ವೆ ಮಾಡಿಸದೆ ಬೇಲಿ ಹಾಕಲು ಹೊರಟಲ್ಲೇ ಚಿತ್ರದ ದುರಂತ ಆರಂಭವಾಗುತ್ತದೆ. ಬೆಂಕಿ, ಗಗ್ಗರ, ಗುಳಿಗ ಎಲ್ಲ ಅದರ ಪರಿಣಾಮಗಳು. ಕೊನೆಯ ಇಪ್ಪತ್ತು ನಿಮಿಷ ಹಾಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಡ್ರೈವರರ ಕೈ ನನ್ನ ತೋಳನ್ನು ಹಿಡಿದಿತ್ತು, ಅಥವಾ ನನ್ನ ಕೈ ಅವರದನ್ನು. ಗಡಿ ನಿಗದಿಯಾಗದ ಪ್ರಕರಣಗಳಲ್ಲಿ ಇಂಥ ಒತ್ತುವರಿ ಸಹಜ. ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಸರ್ವೆಯರಿಗೆ ಏನೂ ಬರಲಿಲ್ಲ. 2025ರಲ್ಲಿ ಅವರು ಇನ್ನೂ ಹಿಂದೆ ಹೋಗಿ ಕದಂಬರ ಕಾಲದ ಕಥೆ ಮಾಡಿದರು. ಮೂಲ ದಾಖಲೆ ಹುಡುಕುವ ಸರಿಯಾದ ಕ್ರಮ ಅದೇ.

ಮೆಚ್ಚಿದ ಚಿತ್ರಗಳೇ ಇಲ್ಲವೇ ಎಂದು ಕೇಳುತ್ತೀರಿ. ಇವೆ. ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ಜನ ತಲೆ ಕೆರೆದುಕೊಂಡರು. ನಾನು ಕೆರೆದುಕೊಳ್ಳಲಿಲ್ಲ. ಮಲ್ಪೆಯಲ್ಲಿ ಒಂದು ಪ್ರಕರಣ, ಕಂಡವರಿಂದ ಹೇಳಿಕೆ, ಒಬ್ಬರ ಹೇಳಿಕೆಗೂ ಇನ್ನೊಬ್ಬರದಕ್ಕೂ ತಾಳೆಯಿಲ್ಲ. ಇದು ಮಹಜರು. ರಕ್ಷಿತ್ ಶೆಟ್ಟಿಯವರು ಪಂಚರ ಸಹಿ ಹಾಕಿಸಿದ್ದರೆ ಹಾಗೇ ನ್ಯಾಯಾಲಯಕ್ಕೆ ಸಲ್ಲಿಸಬಹುದಿತ್ತು. ಆಗ ಮಧ್ಯಂತರದಲ್ಲಿ ಎದ್ದು ಹೋಗಿದ್ದ ಎಷ್ಟೋ ಜನ ಇಂದು ಅದನ್ನು ಕಲ್ಟ್ ಎನ್ನುತ್ತಾರೆ, ಮೊದಲ ದಿನವೇ ಹೇಳಿದ್ದೆ ಎನ್ನುತ್ತಾರೆ. ಅಭಿಪ್ರಾಯಗಳಿಗೆ ಹಿಂದಿನ ದಿನಾಂಕ ಹಾಕುವ ಈ ರೂಢಿಯನ್ನು ನಮ್ಮಲ್ಲಿ ಶಿಸ್ತುಕ್ರಮಕ್ಕೆ ಒಳಪಡಿಸುತ್ತಿದ್ದರು.

‘ಸಂಸ್ಕಾರ’ ಇನ್ನೂ ಮೇಲ್ಮಟ್ಟದ್ದು. ದೂರ್ವಾಸಪುರದಲ್ಲಿ ನಾರಣಪ್ಪ ಸತ್ತಿದ್ದಾನೆ, ದಹನ ಯಾರು ಮಾಡಬೇಕೆಂಬುದು ತೀರ್ಮಾನವಾಗಬೇಕು. ಪ್ರಾಣೇಶಾಚಾರ್ಯರು ನಿಯಮಾವಳಿ ತಿರುವಿಹಾಕುತ್ತಾರೆ, ಪೂರ್ವನಿದರ್ಶನ ಹುಡುಕುತ್ತಾರೆ, ಕಡೆಗೆ ಮಾರುತಿಯ ಮುಂದೆ ಮಂಡಿಸುತ್ತಾರೆ. ಮೇಲಿನಿಂದ ಉತ್ತರವಿಲ್ಲ. ಅಷ್ಟರಲ್ಲಿ ಚಂದ್ರಿ ರಾತ್ರೋರಾತ್ರಿ ಕೆಲಸ ಮುಗಿಸಿಬಿಟ್ಟಿರುತ್ತಾಳೆ. ಕಚೇರಿಗಳಲ್ಲೂ ಹೀಗೇ, ಕೆಲಸ ಮಾಡಿ ಮುಗಿಸುವವರಿಗೆ ಅಧಿಕಾರ ಇರುವುದಿಲ್ಲ. ಕತೆಯಷ್ಟೇ ಅಲ್ಲ, ಚಿತ್ರದ ಹಣೆಬರಹವೂ ಅದೇ ಜಾಡಿನದು. ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು, ಮೇಲಿನ ಹಂತದಲ್ಲಿ ಬಿಡುಗಡೆಯಾಯಿತು, ಆಮೇಲೆ 1970ರ ಸಾಲಿಗೆ ದೇಶದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ. ಕನ್ನಡಕ್ಕೆ ಆ ಗೌರವ ಅದೇ ಮೊದಲು. ತಿರಸ್ಕೃತ ಅರ್ಜಿಯೊಂದು ಮೇಲ್ಮನವಿಯಲ್ಲಿ ಇಷ್ಟು ದೂರ ಹೋದದ್ದು ನಮ್ಮ ತಾಲ್ಲೂಕಿನಲ್ಲಂತೂ ನಡೆದಿಲ್ಲ.

‘ತಿಥಿ’ಯನ್ನು ನೋಡುವಾಗ ಮಾತ್ರ ಸ್ವಲ್ಪ ಇರಿಸುಮುರಿಸಾಯಿತು. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮರಾ ಮುಂದೆ ನಿಲ್ಲದ ಜನರನ್ನೇ ಹಾಕಿಕೊಂಡು ಮಾಡಿದ ಚಿತ್ರ, ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದದ್ದು. ಸೆಂಚುರಿಗೌಡ ಸಾಯುತ್ತಾನೆ. ಜಮೀನು ಮಾರಬೇಕಾದ ಮೊಮ್ಮಗ ತಮ್ಮಣ್ಣ, ಜೀವಂತ ಓಡಾಡಿಕೊಂಡಿರುವ ಅಪ್ಪ ಗಡ್ಡಪ್ಪನ ಹೆಸರಿಗೆ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ಅಲ್ಲಿಯವರೆಗೆ ಹಾಲಿನಲ್ಲಿ ನಗು. ಆಮೇಲೂ ನಗುವೇ. ನಾನೊಬ್ಬನೇ ಸೀಟಿನ ತುದಿಗೆ ಬಂದು, ಈ ಕಾರ್ಯವಿಧಾನ ಇವರಿಗೆ ಯಾರು ಹೇಳಿಕೊಟ್ಟರು ಎಂದು ಯೋಚಿಸುತ್ತಿದ್ದೆ. ಗೌಪ್ಯ ಮಾಹಿತಿ ಸೋರಿಕೆಯಾಗದೆ ಅಷ್ಟು ಕರಾರುವಾಕ್ಕಾಗಿ ಬರುವುದು ಅಸಾಧ್ಯ. ಷರಾ: ಅತ್ಯುತ್ತಮ, ಇಲಾಖಾ ವಿಚಾರಣೆಗೆ ಯೋಗ್ಯ.

ಉಪೇಂದ್ರ ಅವರ ಚಿತ್ರಗಳ ವಿಷಯದಲ್ಲಿ ನಾನು ಕೇವಲ ಸೂಚನೆ ಪಾಲಿಸಿದ್ದೇನೆ. 1998ರಲ್ಲಿ ‘ಎ’ ಬಂದಾಗ ‘ಬುದ್ಧಿವಂತರಿಗೆ ಮಾತ್ರ’ ಎಂದು ಪ್ರಕಟಣೆ ಇತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ದೃಢೀಕೃತ ನಕಲು ಜೇಬಿನಲ್ಲಿಟ್ಟುಕೊಂಡೇ ಹೋದೆ. ಗೇಟಿನಲ್ಲಿ ಯಾರೂ ಕೇಳಲಿಲ್ಲ. ಪರಿಶೀಲನೆಯಿಲ್ಲದೆ ಎಲ್ಲರನ್ನೂ ಒಳಗೆ ಬಿಟ್ಟದ್ದರಿಂದಲೇ ಚಿತ್ರ ಅಷ್ಟು ದಿನ ಓಡಿತು ಎಂಬುದು ನನ್ನ ಅಂದಾಜು. 2024ರ ‘ಯುಐ’ನಲ್ಲಿ ಸೂಚನೆ ತಿರುಗಿತು: ಬುದ್ಧಿವಂತರು ಈಗಲೇ ಎದ್ದು ಹೋಗಬೇಕು, ದಡ್ಡರು ಪೂರ್ತಿ ನೋಡಬಹುದು ಎಂಬರ್ಥದ ಬರಹ ತೆರೆಯ ಮೇಲೆ ಮೂಡಿತು. ಸುತ್ತ ನೋಡಿದೆ. ಒಬ್ಬ ಎದ್ದ. ಎಲ್ಲರೂ ಅವನತ್ತ ಗೌರವದಿಂದ ತಿರುಗಿದೆವು. ಪಾಪ್‌ಕಾರ್ನ್ ಹಿಡಿದುಕೊಂಡು ವಾಪಸು ಬಂದ. ‘ನೀವು ಏಳಲ್ವೇನ್ರೀ?’ ಎಂದಳು ನಮ್ಮನೆಯವಳು. ಟಿಕೆಟ್ಟಿನ ಹಣ ಮರುಪಾವತಿಯ ಬಗ್ಗೆ ಸೂಚನೆಯಲ್ಲಿ ಏನೂ ಇರಲಿಲ್ಲ, ಕೂತೆ.

ಸಂಭಾಷಣೆಯೇ ಇಲ್ಲದ ‘ಪುಷ್ಪಕ ವಿಮಾನ’ದ ಬಗ್ಗೆ ಪೀಠದಲ್ಲಿ ಚರ್ಚೆ ಬೇಗ ಮುಗಿಯಿತು. ಎಲ್ಲರೂ ಚೆನ್ನಾಗಿದೆ ಎಂದರು. ಕಮಲಹಾಸನ್ನರ ಮೌಖಿಕ ಹೇಳಿಕೆ ದಾಖಲಾಗಿಲ್ಲವೆಂದು ನಾನೊಬ್ಬ ಭಿನ್ನಮತ ಬರೆದೆ.

ಒಂದು ಚಿತ್ರ ಉಳಿದಿದೆ. ತೇಜಸ್ವಿಯವರ ಕತೆ, ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಬಂದಿದೆ, ತಬರನಾದ ಚಾರುಹಾಸನ್‌ರಿಗೂ ಬಂದಿದೆ. ಇರಲಿ. ತಾಂತ್ರಿಕವಾಗಿ ಇದು ಏಕಪಕ್ಷೀಯ ಚಿತ್ರ. ನಿವೃತ್ತ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ತಿರುಗುತ್ತಾನೆ, ಹೆಂಡತಿಯ ಕಾಲಿಗೆ ಗ್ಯಾಂಗ್ರಿನ್ ಆಗಿದೆ, ಚಿಕಿತ್ಸೆಗೆ ದುಡ್ಡಿಲ್ಲ. ಕ್ಯಾಮರಾ ಯಾವಾಗಲೂ ಕೌಂಟರಿನ ಆಚೆ ಬದಿಯಲ್ಲೇ. ಈಚೆ ಮೇಜಿನ ಮೇಲೆ ಆವತ್ತು ಎಷ್ಟು ಕಡತಗಳಿದ್ದವು, ಗುಮಾಸ್ತನ ಮನೆಯಲ್ಲಿ ಯಾರಿಗೆ ಜ್ವರ ಇತ್ತು, ಯಾವ ನಿರ್ದೇಶಕರೂ ಕೇಳಲಿಲ್ಲ. ಸೇವಾಪುಸ್ತಕದಲ್ಲಿ ನಮೂದು ಸರಿಯಿಲ್ಲದಿದ್ದರೆ ಮಂಜೂರು ಮಾಡಲು ಬರುತ್ತದೆಯೇ? ಬರುವುದಿಲ್ಲ. ಅಷ್ಟನ್ನು ಒಂದು ಪಾತ್ರದ ಬಾಯಲ್ಲಿ ಸಮಾಧಾನವಾಗಿ ಹೇಳಿಸಬಹುದಿತ್ತು.

ಅಂಥ ಒಬ್ಬ ಮುದುಕ ನಮ್ಮ ಕಚೇರಿಗೂ ಬರುತ್ತಿದ್ದ. ಹೆಸರು ನೆನಪಿಲ್ಲ, ಕಡತ ಸಂಖ್ಯೆ ನೆನಪಿದೆ.

ಆ ಚಿತ್ರವನ್ನು ನಾನು ಮಧ್ಯಂತರದವರೆಗೆ ನೋಡಿದ್ದೇನೆ. ಟಿವಿಯಲ್ಲಿ ಬಂದಾಗಲೂ ಹಾಗೆಯೇ ಆಯಿತು, ಕರೆಂಟು ಹೋಯಿತು ಎಂದು ಲೈನ್‌ಮನ್‌ರಿಗೆ ಹೇಳಿದೆ. ಆ ದಿನ ಕರೆಂಟು ಹೋಗಿರಲಿಲ್ಲ ಎಂದು ಅವರು ವಾದಿಸಿದರು. ಅವರ ಇಲಾಖೆಯ ದಾಖಲೆಗಳ ಮೇಲೆ ನನಗೆ ವಿಶ್ವಾಸವಿಲ್ಲ. ಎರಡನೇ ಅರ್ಧ ನೋಡದಿರುವುದರಿಂದ ಈ ಚಿತ್ರದ ಮೇಲಿನ ಷರಾ ಬಾಕಿ ಇದೆ. ‘ಪೂರ್ತಿ ನೋಡಿ ಒಂದ್ಸಲ’ ಎಂದು ನಮ್ಮನೆಯವಳು ಹಬ್ಬ ಹುಣ್ಣಿಮೆಗೆ ಜ್ಞಾಪಿಸುತ್ತಾಳೆ. ಪರಿಶೀಲನೆಯಲ್ಲಿದೆ ಎಂದಿದ್ದೇನೆ.

ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ನಿಜವಾಗಿ ಸೀಟಿಗೆ ಅಂಟಿಸಿದ್ದು ತೆರೆಯ ಮೇಲಿನದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಮಲ್ಟಿಪ್ಲೆಕ್ಸ್ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿ ಅಧಿಸೂಚನೆ ಹೊರಡಿಸಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಏರಿಕೆ, ಇಳಿಕೆ, ತಿರುವು ಎಲ್ಲ ಒಂದೇ ತಿಂಗಳಲ್ಲಿ. ಹಾಡಿಲ್ಲ, ಹೊಡೆದಾಟವಿಲ್ಲ, ಲ್ಯಾಗ್ ಇಲ್ಲ. ಇದನ್ನು ಹತ್ತಿರದಿಂದ ಅಧ್ಯಯನ ಮಾಡಲು ಪೂರ್ತಿ ದರ ಕೊಟ್ಟು ಹೋದ ಚಿತ್ರ ‘ಸು ಫ್ರಮ್ ಸೋ’.

ಜೆ.ಪಿ. ತುಮಿನಾಡ್ ಅವರ ಈ ಚಿತ್ರಕ್ಕೆ ನನ್ನ ಪೂರ್ಣ ಅನುಮೋದನೆ ಇದೆ. ಕರಾವಳಿಯ ಹಳ್ಳಿಯಲ್ಲಿ ಅಶೋಕನ ಮೈಮೇಲೆ ಬಂದಿದೆ ಎನ್ನಲಾದ ದೆವ್ವ ತನ್ನ ಹೆಸರು ಸುಲೋಚನಾ, ಊರು ಸೋಮೇಶ್ವರ ಎಂದು ಸ್ಪಷ್ಟವಾಗಿ ಗೊತ್ತುಪಡಿಸಿಕೊಳ್ಳುತ್ತದೆ. ನಮ್ಮ ಕೌಂಟರಿಗೆ ಬರುತ್ತಿದ್ದ ಜೀವಂತ ಅರ್ಜಿದಾರರಲ್ಲಿ ಅರ್ಧದಷ್ಟು ಜನ ಇಷ್ಟು ವಿವರ ಕೊಡುತ್ತಿರಲಿಲ್ಲ. ಹಾಲಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಮಾತ್ರ ಒಂದು ಹಳೆಯ ದಾಖಲೆಯ ಕಡೆ ಗಮನ ಹರಿಸಿದೆ. ಕನ್ನಡದ ಮೊದಲ ವಾಕ್ಚಿತ್ರ 1934ರ, ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನಾ’. ಅದರ ಪ್ರತಿ ಇಂದು ಲಭ್ಯವಿಲ್ಲ, ಕಡತ ಕಾಣೆಯಾಗಿದೆ. ನೋಡಲು ಸಿಗದ ಕಾರಣ ನಾನು ಯಾವ ದೋಷವನ್ನೂ ಹೇಳಲಾಗದ ಏಕೈಕ ಕನ್ನಡ ಚಿತ್ರ ಅದು.

ಈಗ ಪರಿಶೀಲಿಸಬೇಕಾದ ಅಂಶ ಇಷ್ಟು. 1934ರಲ್ಲಿ ಇಂದ್ರಜಿತುವಿನ ಧರ್ಮಪತ್ನಿಯೆಂದು ದಾಖಲಾಗಿದ್ದ ಸುಲೋಚನಾ ಎಂಬ ಮಹಿಳೆ 2025ರಲ್ಲಿ ಸೋಮೇಶ್ವರದ ಅವಿಧೇಯ ದೆವ್ವವೆಂದು ದಾಖಲಾಗಿದ್ದಾಳೆ. ನಡುವಿನ 91 ವರ್ಷಗಳಲ್ಲಿ ಸ್ಥಿತಿ ಬದಲಾವಣೆಗೆ ಅರ್ಜಿ ಬಂದ ಬಗ್ಗೆ ಕಡತದಲ್ಲಿ ಏನೂ ಕಂಡುಬರುವುದಿಲ್ಲ. ಸಂಬಂಧಪಟ್ಟವರು, ಅಥವಾ ದೆವ್ವದ ಪರವಾಗಿ ಅಧಿಕಾರ ಪತ್ರ ಹೊಂದಿದವರು, ಮೂವತ್ತು ದಿನಗಳ ಒಳಗೆ ಪಾರ್ಕಿನ ಎಡಬದಿಯ ಕಲ್ಲುಬೆಂಚಿಗೆ ಸಂಜೆ ಐದರ ಮೇಲೆ ಬಂದು ಆಕ್ಷೇಪಣೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಎರಡೂ ಖಾತೆಗಳನ್ನು ಒಂದುಗೂಡಿಸಲಾಗುವುದು.